ತಿಂಡಿ ಬಿಟ್ಟೈತ್ರಿ

ಶ್ರಾವಣದಾಗ ಕಲಘಟಗಿ ಕಡೆ ರೈತರೊಬ್ಬರಿಗೆ ಮೂರು ತಿಂಗಳ ರೊಕ್ಕ ಮೊದಲ ಕೊಟ್ಟು ಕಾಯಿಪಲ್ಯಕ್ಕ ಹೆಸರು ಹಚ್ಚಿದ್ವಿ. ವಾರಕ್ಕೊಂದು ಚೀಲ. ಇದು ಬೇಕು ಅದು ಬ್ಯಾಡ ಅನ್ನಂಗಿಲ್ಲ, ಆ ವಾರ ಹೊಲದಾಗ ಏನು ಬಂದಿರ್ತೈತೋ ಅದ ಮನಿಗೆ ಬರ್ತೈತಿ, ಮಳಿ ಹೆಚ್ಚಾತು ಅಂದ್ರ ಚೀಲ ಸಣ್ಣದು, ಹಾಳಾದ್ರ ಆ ಹಾನಿಯೊಳಗೂ ನಮಗ ಪಾಲು. ಜನತಾ ಬಜಾರಿನಾಗ ಇಪ್ಪತ್ತು ವರ್ಷ ಬದನಿಕಾಯಿ, ಚವಳಿಕಾಯಿ, ಹೀರಿಕಾಯಿ ಬಿಟ್ಟು ಬ್ಯಾರೆ ಬುಟ್ಟಿ ಕಡೆ ಹೊಳ್ಳಿ ನೋಡದ ನನಗ ಇದ ದೊಡ್ಡ ಸಾಹಸ.

ಮೊದಲನೇ ಚೀಲದಾಗ ಬೆರಳ ತುದಿಯಷ್ಟಷ್ಟ ಗೀರು ಗೀರು ಹಸಿರು ಕಾಯಿ. ಫೋಟೋ ಹೊಡದು ಫ್ಯಾಮಿಲಿ ಗ್ರೂಪಿಗೆ "ಹೊಸಾ ವೆರೈಟಿ ಹಾಗಲ" ಅಂತ ಹಾಕಿದೆ. ನಮ್ಮವ್ವ ನವಲಗುಂದ ಕಡೆ ಎರಿಹೊಲದಾಗ ಬೆಳದಾಕಿ. ಚಾಳೀಸ ಏರಿಸಿ ನೋಡಿದ್ಲು.

"ಇದು ಕರ್ಚಿಕಾಯಿ ಅಲ್ಲೇನೋ? ಕಸಾ ತಗ್ಯಾಕ ಹೋದಾಗ ಉಡಿಯಾಗ ಕಟ್ಕೊಂಡು ಬರ್ತಿದ್ವಿ. ಇದಕ್ಕ ರೊಕ್ಕ ಕೊಟ್ಟಿಯಾ?"

ಎಷ್ಟು ಕೊಟ್ಟೇನಿ ಅಂತ ಇವತ್ತಿಗೂ ಹೇಳಿಲ್ಲ. ಎರಡು ದಿನ ಫ್ರಿಜ್ಜಿನ ಮ್ಯಾಲಿಟ್ಟು ಮರತ್ರ ಅವು ತಾವ ಒಡದು ಬಾಯಿ ಬಿಟ್ಕೊಂಡು ಕುಂತಿದ್ವು. ಚಳಿಗಾಲಕ್ಕ ಹಕ್ಕರಕಿ ತಪ್ಪಲ ಬಂತು, "ಬದುವಿನ ಹಕ್ಕರಕಿಗೂ ಡೆಲಿವರಿ ಚಾರ್ಜಾ?" ಅಂತ ಮತ್ತ ಶುರು. ರೊಟ್ಟಿ, ಗುರೆಳ್ಳು ಚಟ್ನಿ ಜೋಡಿ ಹಸೇದ ಹಕ್ಕರಕಿ ಕಟುಂ ಕಟುಂ ತಿನ್ನೋವಾಗ ಮಾತ್ರ ಆ ಚಾರ್ಜು ಯಾರಿಗೂ ನೆನಪಾಗಲಿಲ್ಲ ಬಿಡ್ರಿ.

ಎಳ್ಳ ಅಮವಾಸಿ ಮುಂದ ಬಂತು ನೋಡ್ರಿ, ಮಣ್ಣು ಮೆತ್ತಿದ ಆನಿ ಪಾದದಂಥಾ ಎರಡು ಕಿಲೋ ಸುವರ್ಣಗಡ್ಡಿ. ಹೆಂಡ್ತಿ ತವರಿಗೆ, ಅವ್ವ ಗುಡಿಗೆ, ನಾನೊಬ್ಬನ ಮನಿಯಾಗ. ಶಾಣ್ಯಾತನ ತೋರಸಾಕ ಹೋಗಿ ಗಡ್ಡಿ ಚೊಲೋತ್ನಂಗ ತೊಳದು ಹಸಿ ಹಸಿ ಇದ್ದಾಗನ ಸಿಪ್ಪಿ ತಗದು ಹೆಚ್ಚಾಕ ಕುಂತೆ. ಐದು ನಿಮಿಷ ಆಗಿರಬೇಕು. ಅದರಾಗ ಕಣ್ಣಿಗೆ ಕಾಣದ ಸೂಜಿಯಂಥಾ ಆಕ್ಸಲೇಟ್ ಹರಳು ಇರ್ತಾವು, ಕೈಗೆ ಎಣ್ಣಿ ಹಚ್ಕೊಂಡು ಗಡ್ಡಿ ಒಣಾ ಇದ್ದಾಗ ಹೆಚ್ಚಬೇಕು, ಇದನ್ನೆಲ್ಲಾ ನಾನು ಓದಿದ್ದು ಎಡಗೈಯಾಗ ಮೊಬೈಲ್ ಹಿಡಕೊಂಡು ಬಲಗೈ ಟೇಬಲ್ಲಿನ ಅಂಚಿಗೆ ತಿಕ್ಕೋತ. ನಡುವ ಕುತ್ತಿಗಿ ಬ್ಯಾರೆ ಮುಟ್ಕೊಂಡಿದ್ದೆ.

ಅದ ಹೊತ್ತಿಗೆ ಬೆಂಗಳೂರು ಆಫೀಸಿನ ಫೋನು.

"ಸರ್, ತಿಂಡಿ ಆಯ್ತಾ?"

"ಈಗ ಶುರು ಆಗೇತ್ರಿ. ಮೊಳಕೈ ತನಕಾ ಬಿಟ್ಟೈತಿ."

"ಅಯ್ಯೋ, ತಿಂಡಿ ಎಲ್ಲಾ ಬಿಡಬಾರ್ದು ಸರ್, ಗ್ಯಾಸ್ಟ್ರಿಕ್ ಆಗುತ್ತೆ."

"ನಾ ಎಲ್ಲಿ ಬಿಟ್ಟೇನ್ರಿ, ಅದ ನನ್ನ ಬಿಡವಲ್ದು!"

ಅವರ ತಿಂಡಿ ಇಡ್ಲಿ, ನಮ್ಮ ತಿಂಡಿ ತುರಿಕಿ, ನಾವು ಮುಂಜಾನೆ ತಿನ್ನೋದು ನಾಷ್ಟಾ, ಇದನ್ನ ಬಿಡಿಸಿ ಹೇಳೋ ತಾಳ್ಮಿ ಆಗ ನನಗಿರಲಿಲ್ಲ. ಪಾಪ, ಆ ಹುಡುಗ ಮಧ್ಯಾಹ್ನ ಮತ್ತ ಫೋನ್ ಮಾಡಿ "ಏನಾದ್ರೂ ತಿಂದ್ರಾ ಸರ್?" ಅಂತ ಕೇಳ್ದ.

ಅವ್ವ ಬಂದು ನನ್ನ ಅವತಾರ ನೋಡಿ ಮೊದಲ ನಕ್ಕಳು, ಆಮ್ಯಾಲ ಹುಣಸಿಹಣ್ಣು ಕಿವುಚಿ ಕೈಗೆ ಮೆತ್ತಿದ್ಲು. ಉಳದ ಹುಳಿ ಹಾಕಿ ಗಡ್ಡಿ ಕುದಿಸಿದ್ಲು. "ನಿನಗೂ ಅದಕ್ಕೂ ಒಂದ ಔಷಧ." ಪಲ್ಯ ಏನ ಅನ್ರಿ ಭಾರಿ ಆಗಿತ್ತು, ಎಡಗೈಲೆ ಉಂಡೆ.

ಹೆಚ್ಚದ ಉಳದ ಅರ್ಧಾ ಗಡ್ಡಿ ಆಕಿ ಯಾವಾಗ ಹಿತ್ತಲದಾಗ ಹುಗಿದ್ಲೋ ಗೊತ್ತಿಲ್ಲ. "ಮುಂದಿನ ವರ್ಷ ಇದಕ್ಕಂತೂ ರೊಕ್ಕ ಕೊಡೋದು ತಪ್ಪತೈತಿ" ಅಂದ್ಲು. ಮೊನ್ನಿ ಮಳಿಗೆ ಹಾವಿನ ಮೈಯಂಥಾ ಚುಕ್ಕಿ ದಂಟು ಎದ್ದು ಮ್ಯಾಲೆ ಎಲಿ ಕೊಡಿ ಬಿಚ್ಚಿದಂಗ ನಿಂತೈತಿ. ಅರಿವಿ ಒಣಾ ಹಾಕಾಕ ನಾನು ಈಗ ಆ ಕಡೆ ಹೋಗಂಗಿಲ್ಲ.