ಬೋರ್ಡ್ ನೋಡಿ ಹತ್ತಬೇಕು ಕಣೋ

ಮ್ಯೂನಿಕ್‌ನಲ್ಲಿ ಎಂಎಸ್ ಮಾಡುತ್ತಿದ್ದ ಎರಡು ವರ್ಷ ಹಾಸನದಲ್ಲಿ ನನಗೊಂದು ಹೆಸರು ಬಂದಿತ್ತು. ‘ಯುರೋಪೆಲ್ಲಾ ಸುತ್ತುತ್ತಿದ್ದಾನಂತೆ!’ ಇದಕ್ಕೆಲ್ಲ ಕಾರಣ ಅಮ್ಮ. ನಾನು ಕಳಿಸಿದ ಫೋಟೋ ಒಂದನ್ನೂ ಬಿಡದೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಿದ್ದಳು. ಹಿಂದೆ ಹಿಮದ ಬೆಟ್ಟ, ಮುಂದೆ ಹಲ್ಲು ಬಿಟ್ಟುಕೊಂಡು ನಾನು. ಯಾವುದೋ ಮದುವೆಮನೆಯಲ್ಲಿ ಸೋದರತ್ತೆ ಕೇಳಿಯೇ ಬಿಟ್ಟರಂತೆ, "ನಿಮ್ಮ ಹುಡುಗ ಓದೋಕೆ ಹೋಗಿರೋದಾ, ಇಲ್ಲಾ ಹನಿಮೂನಿಗಾ?"

ಫೋಟೋದಲ್ಲಿ ಕಾಣದೇ ಇದ್ದದ್ದು ನನ್ನ ಬ್ಯಾಗು. ಅದರಲ್ಲಿ ಫಾಯಿಲ್ ಸುತ್ತಿದ ಆರು ಚಪಾತಿ, ಒಂದು ಡಬ್ಬಿ ಚಟ್ನಿಪುಡಿ, ನಲ್ಲಿ ನೀರು ತುಂಬಿದ ಬಾಟಲಿ. ನೀರು ಕೊಳ್ಳುತ್ತಿರಲಿಲ್ಲ. ಒಮ್ಮೆ ಕೊಂಡಿದ್ದೆ. ಅಂಗಡಿಯಲ್ಲಿ ಇದ್ದುದರಲ್ಲೇ ಅಗ್ಗದ್ದು ಹುಡುಕಿ ತಂದು, ರೈಲಿಗೆ ಓಡಿ ಹತ್ತಿ, ಏದುಸಿರು ಬಿಡುತ್ತಾ ಮುಚ್ಚಳ ತಿರುಗಿಸಿದೆ. ಅದು ಸೋಡಾ. ಎದುರಿಗೆ ಕೂತಿದ್ದ ಅಜ್ಜಿಗೆ ಅಭಿಷೇಕ ಆಯಿತು. ಜರ್ಮನಿಯಲ್ಲಿ ಅಂಥ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಡಿಪಾಸಿಟ್. ಅಗ್ಗದ ನೀರಾದರೆ ನೀರಿಗಿಂತ ಬಾಟಲಿಯ ಬೆಲೆಯೇ ಜಾಸ್ತಿ ಆಗುವುದೂ ಉಂಟು. ಖಾಲಿ ಬಾಟಲಿ ವಾಪಸ್ ಕೊಟ್ಟರೆ ದುಡ್ಡು ಬರುತ್ತದೆ. ಅಜ್ಜಿ ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರೆ ನಾನು ಬಾಟಲಿ ಜಜ್ಜಿಹೋಗದಂತೆ ಜೋಪಾನ ಮಾಡುತ್ತಿದ್ದೆ.

ಸುಮ್ನೆ ಜಿಪುಣತನ ಅಲ್ಲ ಇದು. ಜರ್ಮನಿಗೆ ಓದಲು ಹೋಗುವವರು ವೀಸಾಕ್ಕಿಂತ ಮೊದಲೇ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ನಾನು ಹೋದ 2023ರಲ್ಲಿ ಅದು 11,208 ಯೂರೋ. ದುಡ್ಡು ನಮ್ಮದೇ, ಆದರೆ ತಿಂಗಳಿಗೆ 934 ಮಾತ್ರ ಕೈಗೆ ಬಿಡುತ್ತಾರೆ. ಮದುವೆಯಾದ ಹೊಸದರಲ್ಲಿ ಅಪ್ಪನ ಸಂಬಳ ಸೀದಾ ಅಜ್ಜಿಯ ಕೈಗೆ ಹೋಗಿ, ಅಲ್ಲಿಂದ ಅಪ್ಪನಿಗೆ ಕಾಫಿ ಖರ್ಚಿಗೆ ಅಷ್ಟಿಷ್ಟು ಬರುತ್ತಿತ್ತಂತೆ. ಇದೂ ಹಾಗೇ. ಅಜ್ಜಿಯ ಜಾಗದಲ್ಲಿ ಬ್ಯಾಂಕು. ಬಾಡಿಗೆ, ಇನ್ಶೂರೆನ್ಸು, ಅಕ್ಕಿ-ಬೇಳೆ ಎಲ್ಲ ಕಳೆದು ತಿರುಗಾಟಕ್ಕೆ ಉಳಿಯುತ್ತಿದ್ದದ್ದು ತಿಂಗಳಿಗೆ ನಲವತ್ತು ಯೂರೋ. ಅದೂ ಹೇರ್‌ಕಟ್ ಮಾಡಿಸದಿದ್ದರೆ.

ಅಷ್ಟರಲ್ಲಿ ತಿರುಗಲು ಸಾಧ್ಯವಾದದ್ದು ಒಂದೇ ಒಂದು ಪುಣ್ಯದಿಂದ. ಡಾಯ್ಚ್‌ಲಾಂಡ್ ಟಿಕೆಟ್! 2023ರ ಮೇ ತಿಂಗಳಲ್ಲಿ ಶುರುವಾದ ಈ ಪಾಸಿಗೆ ಆಗ ತಿಂಗಳಿಗೆ 49 ಯೂರೋ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ವಿದ್ಯಾರ್ಥಿಗಳಿಗೆ ಅದೇ ವರ್ಷ ಸೆಪ್ಟೆಂಬರಿನಿಂದ 29ಕ್ಕೇ ಸಿಕ್ಕಿತು. ಸಿಟಿ ಬಸ್ಸು, ಟ್ರ್ಯಾಮು, ಮೆಟ್ರೋ, ಪ್ಯಾಸೆಂಜರ್ ರೈಲು, ಇಡೀ ದೇಶದಲ್ಲಿ ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದು. ಎಕ್ಸ್‌ಪ್ರೆಸ್ ರೈಲು ಮಾತ್ರ ಹತ್ತುವ ಹಾಗಿಲ್ಲ. ಅದು ಸರ್ರನೆ ಹೋಗುವಾಗ ನಾವು ಪಕ್ಕದ ಹಳಿಯಲ್ಲಿ ನಿಂತು ದಾರಿ ಬಿಡಬೇಕು.

ನಮ್ಮಪ್ಪ ಸಾರಿಗೆ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ಆಲ್ಪ್ಸ್ ಪರ್ವತದ ಫೋಟೋ ಕಳಿಸಿದರೂ ಅವರ ಪ್ರಶ್ನೆ ಮೂರೇ. "ಎಷ್ಟು ಕಿಲೋಮೀಟ್ರು? ಟಿಕೆಟ್ ಎಷ್ಟು? ಸೀಟ್ ಸಿಕ್ತಾ?" ಈ ಪಾಸಿನ ಸಂಗತಿ ಕೇಳಿ ಅವರಿಗೆ ಖುಷಿಗಿಂತ ಗಾಬರಿಯೇ ಜಾಸ್ತಿ ಆಯಿತು.

"29ಕ್ಕೆ ತಿಂಗಳು ಪೂರ್ತಿ, ದೇಶ ಪೂರ್ತಿ? ಕಲೆಕ್ಷನ್ ಕಥೆ ಏನೋ?"

ಹಿಂದಿನಿಂದ ಅಮ್ಮನ ದನಿ. "ನಂಗೆ ಅದೂ ಇಲ್ಲ ಕಣಪ್ಪ. ಆಧಾರ್ ಕಾರ್ಡ್ ತೋರ್ಸಿ ಧರ್ಮಸ್ಥಳಕ್ಕೆ ಹೋಗ್ಬಂದೆ." ಶಕ್ತಿ ಯೋಜನೆ ಬಂದದ್ದೂ ಅದೇ ವರ್ಷ ಜೂನ್‌ನಲ್ಲಿ. ಅಪ್ಪ ಮಾತು ಬದಲಾಯಿಸಿದರು.

ಇಂಥ ಕಂಡಕ್ಟರರ ಮಗನಾಗಿ ನಾನು ಹತ್ತಬಾರದ ಗಾಡಿ ಹತ್ತಿದ ಕಥೆ ಕೇಳಿ.

ಅಕ್ಟೋಬರ್‌ನ ಒಂದು ಭಾನುವಾರ. ಟೇಗರ್ನ್‌ಸೇ ಎಂಬ ಸರೋವರಕ್ಕೆ ಹೋಗುವುದೆಂದು ಮೂವರು ಮಾತಾಡಿಕೊಂಡಿದ್ದೆವು. ನಾನು, ಧಾರವಾಡದ ಒಬ್ಬ ಗೆಳೆಯ, ಅವನ ರೂಂಮೇಟ್. ಮ್ಯೂನಿಕ್‌ನಿಂದ ಒಂದು ಗಂಟೆ ದಾರಿ. ಚಪಾತಿ ಲಟ್ಟಿಸುತ್ತಾ ನನಗೆ ತಡವಾಯಿತು. ಅವರಿಬ್ಬರೂ ಮುಂಚೆಯೇ ಹೋಗಿ ಸೀಟು ಹಿಡಿದಿದ್ದರು. ನಾನು ಪ್ಲಾಟ್‌ಫಾರಂಗೆ ಓಡಿ ಬಂದಾಗ ಬಾಗಿಲು ಮುಚ್ಚುವ ಬೀಪ್ ಕೇಳುತ್ತಿತ್ತು. ಕೈಗೆ ಸಿಕ್ಕ ಬಾಗಿಲಿಗೆ ನುಗ್ಗಿದೆ. ‘ಹತ್ತಿದೆ’ ಅಂತ ಮೆಸೇಜ್ ಹಾಕಿದೆ. ‘ಭಾಳ ಚಲೋ’ ಅಂತ ಉತ್ತರ ಬಂತು.

ಆ ರೈಲಿನ ವಿಷಯ ನನಗೆ ಗೊತ್ತಿರಲಿಲ್ಲ. ಅದು ಹೊರಡುವಾಗ ಒಂದು, ಮುಟ್ಟುವಾಗ ಮೂರು. ಹೋಲ್ಜ್‌ಕಿರ್ಶೆನ್ ಎಂಬಲ್ಲಿ ಒಂದು ತುಂಡು ಕಳಚಿ ಬೈರಿಶ್‌ಸೆಲ್ ಕಡೆ ಹೋಗುತ್ತದೆ. ಉಳಿದದ್ದು ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗಿ, ಒಂದು ಲೆಂಗ್ರೀಸ್‌ಗೆ, ಇನ್ನೊಂದು ಟೇಗರ್ನ್‌ಸೇಗೆ. ನಮ್ಮಲ್ಲೂ ಬೆಂಗಳೂರಿನಿಂದ ಹೊರಟ ರೈಲು ಮಂಗಳೂರಿನಲ್ಲಿ ಎರಡಾಗಿ ಕಾರವಾರಕ್ಕೊಂದು, ಕಣ್ಣೂರಿಗೊಂದು ಹೋಗುತ್ತಿದ್ದ ಕಾಲ ಇತ್ತು. ಆದರೆ ಅಲ್ಲಿ ಪಕ್ಕದವರು "ಎಲ್ಲಿಗೆ? ಕಾರವಾರಕ್ಕಾ? ಹಾಗಾದ್ರೆ ಈ ಬೋಗಿ ಅಲ್ಲ ಏಳಿ" ಎಂದು ಎಬ್ಬಿಸಿ ಕಳಿಸುತ್ತಾರೆ. ಜರ್ಮನ್ನರು ಹಾಗೆಲ್ಲ ಇನ್ನೊಬ್ಬರ ವಿಷಯಕ್ಕೆ ಬರುವವರಲ್ಲ. ಸ್ಪೀಕರಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ನನ್ನ ಜರ್ಮನ್ ಆಗ ‘ಬ್ರೆಡ್ ಎಷ್ಟು’ ಎಂಬಲ್ಲಿಗೆ ನಿಂತಿತ್ತು.

ಇಷ್ಟಾಗಿದ್ದರೆ ಯಾವುದೋ ಗೊತ್ತಿಲ್ಲದ ಊರು ಬಂದಾಗ ನನಗೆ ಅನುಮಾನ ಬರುತ್ತಿತ್ತು. ಗ್ರಹಚಾರ ನೋಡಿ, ನಾನು ಕೂತಿದ್ದ ಬೈರಿಶ್‌ಸೆಲ್ ತುಂಡಿನ ದಾರಿಯಲ್ಲೂ ಒಂದು ಸರೋವರ! ಹೆಸರು ಶ್ಲೀರ್‌ಸೇ. ಕಿಟಕಿಯಲ್ಲಿ ನೀಲಿ ನೀರು ಕಂಡ ಕೂಡಲೇ ಬಂದೇಬಿಟ್ಟಿತು ಅಂತ ಬ್ಯಾಗು ಹೆಗಲಿಗೇರಿಸಿದೆ. ಸ್ಟೇಷನ್ನಿನಲ್ಲಿ ರೈಲು ನಿಂತಿತು. ಡ್ರೈವರ್ ಇಳಿದು ನಿಧಾನವಾಗಿ ಹಿಂದಿನ ತುದಿಗೆ ನಡೆದು ಹೋದ. ಇಲ್ಲಿ ರೈಲು ದಿಕ್ಕು ಬದಲಿಸಿ ಮುಂದೆ ಹೋಗುತ್ತದೆ ಎಂದು ನನಗೇನು ಗೊತ್ತು? ಲಾಸ್ಟ್ ಸ್ಟಾಪ್ ಅಂತಲೇ ಇಳಿದೆ. ಬೋರ್ಡಿನಲ್ಲಿ ‘ಸೇ’ ಅಂತ ಇತ್ತು. ಅಷ್ಟು ಸಾಕಾಯಿತು.

ಗೆಳೆಯರು ಕಾಣಲಿಲ್ಲ. ಮುಂದೆ ಹೋಗಿರಬೇಕೆಂದು ನೀರಿನ ದಡಕ್ಕೆ ನಡೆದೆ. ಏನು ಚೆಂದ ಅಂತೀರಿ! ಮನೆಗೆ ಎಂಟು ಫೋಟೋ ಕಳಿಸಿದೆ, ‘ಟೇಗರ್ನ್‌ಸೇ ಸರೋವರ’ ಅಂತ ಹೆಸರು ಹಾಕಿ. ಅಮ್ಮ ಐದೇ ನಿಮಿಷದಲ್ಲಿ ಸ್ಟೇಟಸ್‌ಗೆ ಏರಿಸಿದಳು. ಅಷ್ಟರಲ್ಲಿ ಫೋನ್ ಬಂತು.

"ಎಲ್ಲಿ ಅದಿಯಲೇ?"

"ಕೆರೆ ಹತ್ರ ಇದೀನಿ."

"ನಾವೂ ಕೆರಿ ದಂಡಿಗೆ ಕುಂತೀವಿ. ಕಾಣವಲ್ಲಿ."

"ಹಿಂದೆ ಬೆಟ್ಟ ಇದೆ ನೋಡು."

"ಹೌದು, ಗುಡ್ಡ ಐತಿ."

"ಚರ್ಚಿನ ಗೋಪುರ?"

"ಅದೂ ಐತಿ."

"ದೋಣಿ?"

"ದೋಣಿನೂ ಅದಾವ. ಕೈ ಎತ್ತಲೇ ಒಮ್ಮೆ."

ಕೈ ಎತ್ತಿದೆ. ಎರಡೂ ಕೈ ಎತ್ತಿ ಬೀಸಿದೆ. ನೀರಿನಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ಪಾಪ, ನನಗೆ ವಾಪಸ್ ಕೈ ಬೀಸಿದರು. "ಇಲ್ಲಲೇ, ಯಾರೂ ಕಾಣವಲ್ಲರು" ಎಂದ ಗೆಳೆಯ. ಬವೇರಿಯಾದ ಸರೋವರಗಳ ಕಷ್ಟವೇ ಇದು. ಎಲ್ಲದಕ್ಕೂ ಒಂದು ಬೆಟ್ಟ, ಒಂದು ಗೋಪುರ, ನಾಲ್ಕು ದೋಣಿ ಇದ್ದೇ ಇರುತ್ತವೆ. ಹೀಗೆ ಎರಡು ಬೇರೆ ಬೇರೆ ಕೆರೆಗಳ ದಡದಲ್ಲಿ ನಿಂತು ಇಪ್ಪತ್ತು ನಿಮಿಷ ಒಬ್ಬರನ್ನೊಬ್ಬರು ಹುಡುಕಿದೆವು. ಕೊನೆಗೆ ರೂಂಮೇಟ್ ಲೊಕೇಶನ್ ಕಳಿಸು ಎಂದ. ಆ ಬುದ್ಧಿ ಇಬ್ಬರು ಕನ್ನಡಿಗರಿಗೆ ಹೊಳೆದಿರಲಿಲ್ಲ.

ಚಪಾತಿ ನನ್ನ ಹತ್ತಿರ ಇತ್ತು. ಆಲೂಗಡ್ಡೆ ಪಲ್ಯ ಅವರ ಹತ್ತಿರ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ಅವರು ಬರೀ ಪಲ್ಯ ತಿಂದರು, ನಾನು ಚಟ್ನಿಪುಡಿ ಉದುರಿಸಿಕೊಂಡು ಆರೂ ಚಪಾತಿ ತಿಂದೆ. ಆ ಮಟ್ಟಿಗೆ ನನಗೇ ಲಾಭ.

ವಾಪಸ್ ಬರುವಾಗ ರೈಲಿನಲ್ಲಿ ಚೆಕಿಂಗ್. ನನ್ನ ಪಾಸು ಇದ್ದದ್ದು ಫೋನಿನಲ್ಲಿ. ಫೋನು ಎಂಟು ಫೋಟೋ, ಇಪ್ಪತ್ತು ನಿಮಿಷದ ಹುಡುಕಾಟ ಮುಗಿಸಿ ಪ್ರಾಣ ಬಿಟ್ಟಿತ್ತು. ಕಪ್ಪು ಸ್ಕ್ರೀನನ್ನೇ ಅವರ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮೆಷೀನು ಒತ್ತಿ ಒಂದು ಚೀಟಿ ಹರಿದು ಕೊಟ್ಟರು. ಟಿಕೆಟ್ ಇಲ್ಲದ ಪ್ರಯಾಣ, ದಂಡ 60 ಯೂರೋ. ನನ್ನ ಹೆಸರಿನ ಪಾಸು ಆಮೇಲೆ ತೋರಿಸಿದ್ದಕ್ಕೆ ಅದು 7 ಯೂರೋಗೆ ಇಳಿಯಿತು. ಆದರೂ ಮೂವತ್ತೊಂದು ವರ್ಷ ಬೇರೆಯವರ ಟಿಕೆಟ್ ಕೇಳಿದವರ ಮಗ ಕೈ ಬೀಸಿಕೊಂಡು ಸಿಕ್ಕಿಬಿದ್ದದ್ದು ನಿಜ ತಾನೇ?

ಅಪ್ಪನಿಗೆ ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೋರ್ಡ್ ನೋಡಿ ಹತ್ತಬೇಕು ಕಣೋ" ಎಂದರು. ದಂಡದ ಬಗ್ಗೆ ಒಂದು ಮಾತೂ ಇಲ್ಲ. ಅಮ್ಮ ಮಾತ್ರ ಸ್ಟೇಟಸ್ ತೆಗೆಯಲಿಲ್ಲ. "ಯಾವ ಕೆರೆ ಆದ್ರೇನು, ಇಲ್ಲಿ ಯಾರಿಗೆ ಗೊತ್ತಾಗತ್ತೆ" ಎಂದಳು.

ಆಮೇಲೆ ಸ್ವಲ್ಪ ಹುಷಾರಾದೆ. ನೊಯ್‌ಶ್ವಾನ್‌ಸ್ಟೈನ್ ಅರಮನೆಗೆ ಹೋದಾಗ ಒಳಗೆ ಹೋಗಲಿಲ್ಲ. ಎರಡನೇ ಲುಡ್ವಿಗ್ ರಾಜ 1869ರಲ್ಲಿ ಕಟ್ಟಿಸಲು ಶುರು ಮಾಡಿದ್ದು, ಒಳಗೆ ಹೋಗಲು ಟಿಕೆಟ್ ಇದೆ, ಫೋಟೋ ತೆಗೆಯುವ ಹಾಗಿಲ್ಲ. ಫೋಟೋ ಇಲ್ಲದ ಮೇಲೆ ದುಡ್ಡು ಕೊಡುವುದು ಯಾವ ಸುಖಕ್ಕೆ? ಎದುರಿನ ಸೇತುವೆ ಮೇಲೆ ಪುಕ್ಕಟೆ ನಿಂತು ತೆಗೆದ ಫೋಟೋ ಸೋದರತ್ತೆಯವರೆಗೂ ಮುಟ್ಟಿತು.

ಒಮ್ಮೆ 14.99 ಯೂರೋ ವಿಮಾನದ ಟಿಕೆಟ್ ಕಂಡು ಬಾಯಲ್ಲಿ ನೀರೂರಿತು. ‘ಮ್ಯೂನಿಕ್ ಪಶ್ಚಿಮ’ದಿಂದ ಹೊರಡುತ್ತದಂತೆ. ನೋಡಿದರೆ ಆ ಪಶ್ಚಿಮ ಇರುವುದು ಮೆಮ್ಮಿಂಗೆನ್ ಊರಿನಲ್ಲಿ, ನೂರು ಕಿಲೋಮೀಟರಿಗೂ ಆಚೆ. ಬೆಂಗಳೂರು ಅಂತ ಹೇಳಿ ಮಂಡ್ಯದಲ್ಲಿ ಹತ್ತಿಸಿಕೊಂಡ ಹಾಗೆ. ಅಲ್ಲಾದರೆ ದಾರಿಯಲ್ಲಿ ಮದ್ದೂರು ವಡೆಯಾದರೂ ಸಿಗುತ್ತದೆ. ಬಸ್ಸು, ಬ್ಯಾಗಿನ ಚಾರ್ಜು, ಸೀಟಿನ ಚಾರ್ಜು, ಆ ಕಡೆ ಇಳಿದ ಮೇಲಿನ ಬಸ್ಸು ಎಲ್ಲ ಕೂಡಿದಾಗ 14.99 ಹೋಗಿ 96 ಆಯಿತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಎರಡು ವರ್ಷದಲ್ಲಿ ನಾನು ಮಾಡಿದ ಅತಿ ಅಗ್ಗದ ಪ್ರವಾಸ ಅದು.

ಪ್ರಾಗ್‌ಗೆ ಹೋದದ್ದು 2024ರ ಈಸ್ಟರ್ ರಜೆಯಲ್ಲಿ. ಶನಿವಾರ ಹಳೇ ಪೇಟೆ ಚೌಕದಲ್ಲಿ ನೂರಾರು ಜನರ ಮಧ್ಯೆ ಕತ್ತೆತ್ತಿ ನಿಂತು ಅಲ್ಲಿನ ಖಗೋಳ ಗಡಿಯಾರ ನೋಡಿದೆ. 1410ರದ್ದು. ಗಂಟೆಗೊಮ್ಮೆ ಕಿಟಕಿ ತೆರೆದು ಬೊಂಬೆಗಳು ಹಾದುಹೋಗುತ್ತವೆ. ಪುಕ್ಕಟೆ, ಹಾಗಾಗಿ ಮೂರು ಸಲ ನೋಡಿದೆ. ಅಪ್ಪ ಕೊಟ್ಟ ಎಚ್‌ಎಂಟಿ ವಾಚಿನ ಟೈಮನ್ನು ಅದಕ್ಕೆ ಹೋಲಿಸಿ, ನಮ್ಮದೇನೂ ಕಡಿಮೆಯಿಲ್ಲ ಎಂದು ಕೀ ಕೊಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಬಸ್ಸು. ಹಾಸ್ಟೆಲಿನಲ್ಲಿ ಹತ್ತು ಹಾಸಿಗೆಗೆ ಒಂದೇ ಪ್ಲಗ್ಗು. ರಾತ್ರಿ ಯಾರೋ ಪುಣ್ಯಾತ್ಮ ನನ್ನ ಚಾರ್ಜರ್ ಕಿತ್ತು ತನ್ನದು ಚುಚ್ಚಿದ್ದ. ಬೆಳಿಗ್ಗೆ ಮತ್ತೆ ಫೋನ್ ಇಲ್ಲ. ಇರಲಿ, ಕೈಯಲ್ಲಿ ವಾಚಿದೆಯಲ್ಲ! ಆರೂವರೆಗೆ ಎದ್ದು, ಮುಖ ತೊಳೆದು, ಆರಾಮಾಗಿ ನಡೆದು ಫ್ಲೊರೆಂಟ್ಸ್ ಬಸ್ ನಿಲ್ದಾಣಕ್ಕೆ ಬಂದಾಗ ಏಳೂ ಇಪ್ಪತ್ತು. ಜೀವನದಲ್ಲಿ ಮೊದಲ ಸಲ ಇಷ್ಟು ಮುಂಚೆ ಬಂದಿದ್ದೆ. ಬೆಂಚಿನ ಮೇಲೆ ಕಾಲು ಚಾಚಿ ಚಪಾತಿ ಬಿಚ್ಚಿದೆ. ನಿಲ್ದಾಣದ ಗಡಿಯಾರ ಎಂಟೂ ಇಪ್ಪತ್ತು ತೋರಿಸುತ್ತಿತ್ತು. ಅಷ್ಟು ಹಳೇ ಗಡಿಯಾರವನ್ನು ಸರಿಯಾಗಿ ಇಟ್ಟುಕೊಂಡವರು ಬಸ್ ಸ್ಟ್ಯಾಂಡಿನದನ್ನು ಹೀಗೆ ಬಿಟ್ಟಿದ್ದಾರಲ್ಲ ಎಂದು ಅಯ್ಯೋ ಅನಿಸಿತು.

ಎರಡನೇ ಚಪಾತಿ ಮುಗಿಯುವಾಗ ಕೌಂಟರಿನ ಹೆಂಗಸು ವಿಷಯ ತಿಳಿಸಿದರು. ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ರಾತ್ರಿ ಎರಡು ಗಂಟೆಯಾದ ಕೂಡಲೇ ಮೂರು ಗಂಟೆ ಮಾಡುತ್ತಾರೆ. ಬೇಸಿಗೆ ಟೈಮು. ಅದು ಅವತ್ತೇ. ಫೋನ್ ಬದುಕಿದ್ದರೆ ತಾನಾಗಿ ಬದಲಾಗುತ್ತಿತ್ತು. ಎಚ್‌ಎಂಟಿಗೆ ಯಾರು ಹೇಳಬೇಕು? ಮುಂದಿನ ಬಸ್ಸು ಸಂಜೆಗೆ, ಅದೂ ಎರಡರಷ್ಟು ರೇಟು. ಆ ತಿಂಗಳ ಹೇರ್‌ಕಟ್ ಹೋಯಿತು.

ಅಪ್ಪನಿಗೆ ಇದನ್ನು ನಂಬಿಸಲು ಅರ್ಧ ಗಂಟೆ ಹಿಡಿಯಿತು.

"ಗವರ್ನಮೆಂಟೇ ಗಡಿಯಾರ ತಿರುಗಿಸುತ್ತಾ?"

"ಹೂಂ ಅಪ್ಪ. ಅಕ್ಟೋಬರ್‌ನಲ್ಲಿ ಮತ್ತೆ ಹಿಂದಕ್ಕೆ ತಿರುಗಿಸ್ತಾರೆ."

"ಮತ್ತೆ ನೈಟ್ ಡ್ಯೂಟಿಯವನ ಕಥೆ? ಒಂದ್ ಗಂಟೆ ಜಾಸ್ತಿ ಗಾಡಿ ಓಡಿಸ್ದೋನಿಗೆ ಓಟಿ ಕೊಡ್ತಾರಾ?"

ನನಗೆ ಗೊತ್ತಿರಲಿಲ್ಲ. ಅಪ್ಪ ಆ ವಾರವೆಲ್ಲ ಹಳೇ ಡಿಪೋ ಗೆಳೆಯರ ಜೊತೆ ಇದನ್ನೇ ಚರ್ಚೆ ಮಾಡಿದರಂತೆ.

ಓದು ಮುಗಿಸಿ ಊರಿಗೆ ಬಂದ ದಿನ ಅಮ್ಮನಿಗೆ ಚಾಕಲೇಟು, ಸೋದರತ್ತೆಗೆ ಸೆಂಟು ಕೊಟ್ಟೆ. ಅಪ್ಪ ಕೇಳಿದ್ದು ಒಂದೇ. "ಅಲ್ಲಿನ ಟಿಕೆಟ್ ಒಂದಾದ್ರೂ ತಂದಿದೀಯಾ?" ಎಲ್ಲ ಫೋನಿನಲ್ಲೇ ಇತ್ತು. ಪರ್ಸು ತಡಕಾಡಿದಾಗ ಸಿಕ್ಕ ಕಾಗದ ಎಂದರೆ ರೈಲಿನ ಆ 60 ಯೂರೋ ದಂಡದ ಚೀಟಿ ಒಂದೇ. ಅದನ್ನೇ ಕೊಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡರು. ಬೆಳಕಿಗೆ ಹಿಡಿದು ನಂಬರು ನೋಡಿದರು, ತಾರೀಖು ನೋಡಿದರು. "ಕೊನೆಗೆ ಕಟ್ಟಿದ್ದು ಏಳು ಅಂದ್ಯಲ್ವಾ?" ಎಂದರು. ಹೂಂ ಎಂದೆ. ಚೀಟಿ ಮಗುಚಿ ಹಿಂಬದಿ ನೋಡಿದರು.

"ಐವತ್ಮೂರು ಚಿಲ್ಲರೆ ಬಾಕಿ ಅಂತ ಬರ್ದೇ ಇಲ್ವಲ್ಲೋ."