ಗೈಡ್ ಹುಡುಕುವ ಮೊದಲು ಕೃತಜ್ಞತೆಯ ಪುಟ ಓದಿರಿ

ನನ್ನ ಅಣ್ಣನ ಮಗಳು ಧಾರವಾಡದಲ್ಲಿ ಎಂ.ಎ. ಮುಗಿಸಿದ್ದಾಳೆ. ಗದಗ ಹತ್ತಿರದ ಲಕ್ಕುಂಡಿ ಗುಡಿಗಳ ಬಾಗಿಲವಾಡಗಳ, ಅಂದರೆ ಕೆತ್ತನೆಯ ಬಾಗಿಲು ಚೌಕಟ್ಟುಗಳ, ಮೇಲೆ ಪಿಎಚ್.ಡಿ. ಮಾಡಬೇಕೆಂಬುದು ಅವಳ ಆಸೆ. ಅದಕ್ಕೆ ಗೈಡ್, ಅಂದರೆ ಮಾರ್ಗದರ್ಶಕರೊಬ್ಬರು, ಬೇಕು. ಹೋದ ತಿಂಗಳು ಫೋನು ಮಾಡಿದಳು.

"ಕಾಕಾ, ಇಲ್ಲೆ ಯಾರನ್ನ ಕೇಳಿದ್ರೂ ಒಬ್ಬರದ ಹೆಸರು ಹೇಳ್ತಾರ. ಅವರು ರಿಟೈರ್ ಆಗಾಕ ಎರಡ ವರ್ಷ ಉಳದಾವ. ಏನ್ ಮಾಡ್ಲಿ?"

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ನನಗೆ ಬೇಸರವಾಗಲಿಲ್ಲ. ದೊಡ್ಡ ಹೆಸರಿನ ಹಿಂದೆ ಹೋಗಿ ನಾನು ಕಳೆದುಕೊಂಡ ವರ್ಷಗಳನ್ನು ಅವಳೂ ಕಳೆದುಕೊಳ್ಳುವುದು ಬೇಡವಾಗಿತ್ತು.

ನಾನು ಸಂಶೋಧನೆ ಮಾಡಿದ್ದು ಅಮೆರಿಕದಲ್ಲಿ. ನನ್ನ ಅಡ್ವೈಸರ್ (ಅಲ್ಲಿ ಗೈಡ್‌ಗೆ ಹೀಗನ್ನುತ್ತಾರೆ) ಆ ಕಾಲಕ್ಕೆ ಬಹಳ ಹೆಸರಾದವರು. ಮೊದಲ ಅಧ್ಯಾಯ ಕೊಟ್ಟೆ. ಅದು ಹನ್ನೊಂದು ತಿಂಗಳ ಮೇಲೆ ಅಂಚಿನಲ್ಲಿ ಎರಡು ಪೆನ್ಸಿಲ್ ಗುರುತಿನೊಂದಿಗೆ ವಾಪಸು ಬಂತು. ಅದೇ ವಿಭಾಗಕ್ಕೆ ಬಂದು ಮೂರನೇ ವರ್ಷವಾಗಿದ್ದ ಇನ್ನೊಬ್ಬ ಅಧ್ಯಾಪಕಿ ಒಂದು ಮಧ್ಯಾಹ್ನ ನನ್ನ ಫೋಟೋಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಕೂತರು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಗೋಡೆಯಲ್ಲಿ ಅರೆಗಂಬಗಳ ಮೇಲಿರುವ ಪುಟ್ಟ ಪುಟ್ಟ ಶಿಖರಗಳನ್ನು ನಾನು 'ಅಲಂಕಾರ' ಎಂದು ಒಂದೇ ಶಬ್ದದಲ್ಲಿ ಮುಗಿಸಿದ್ದೆ. ಅವರು ಒಂದೊಂದನ್ನೂ ಭೂತಗನ್ನಡಿಯಲ್ಲಿ ತೋರಿಸುತ್ತ, "ಇದು ಉತ್ತರದ ಮಾದರಿ, ಪಕ್ಕದ್ದು ದಕ್ಷಿಣದ್ದು. ಈ ಶಿಲ್ಪಿಗೆ ಎರಡೂ ಗೊತ್ತಿದ್ದವು. ಇಲ್ಲಿ ಇದನ್ನೇ ಯಾಕೆ ಆರಿಸಿದ?" ಎಂದು ಕೇಳಿದರು. ನನ್ನ ಪ್ರಬಂಧ ನಿಜವಾಗಿ ಶುರುವಾದದ್ದು ಆವತ್ತು.

ಇಂಥ ಹೊಸ ಅಧ್ಯಾಪಕರನ್ನು ಹುಡುಕಲು ಅಮೆರಿಕದಲ್ಲಿ ಒಂದು ದಾರಿ ಇದೆ. ಅಲ್ಲಿನ ಕಲಾ ಅಧ್ಯಾಪಕರ ಸಂಘವಾದ ಕಾಲೇಜ್ ಆರ್ಟ್ ಅಸೋಸಿಯೇಶನ್ ಪ್ರತಿ ವರ್ಷ ಕಲಾ ಇತಿಹಾಸದಲ್ಲಿ ಮುಗಿದ, ನಡೆಯುತ್ತಿರುವ ಪಿಎಚ್.ಡಿ.ಗಳ ಪಟ್ಟಿ ಹೊರತರುತ್ತದೆ. ಐದಾರು ವರ್ಷದ ಹಿಂದೆ ಆ ಪಟ್ಟಿಯಲ್ಲಿದ್ದವರಲ್ಲಿ ಹಲವರು ಇವತ್ತು ಎಲ್ಲೋ ಸಹಾಯಕ ಪ್ರಾಧ್ಯಾಪಕರು. ಮ್ಯಾಡಿಸನ್ ಊರಿನಲ್ಲಿ ಪ್ರತಿ ವರ್ಷ ನಡೆಯುವ ದಕ್ಷಿಣ ಏಷ್ಯಾ ಸಮ್ಮೇಳನದಲ್ಲಿ ಯಾರು ಏನು ಓದುತ್ತಿದ್ದಾರೆ ನೋಡಿದರೆ ಇನ್ನಷ್ಟು ಹೆಸರು ಸಿಗುತ್ತವೆ. ಆಮೇಲೆ ಅವರ ಒಂದು ಲೇಖನ ಓದಿ, ಸೆಪ್ಟೆಂಬರಿನ ಸುಮಾರಿಗೆ ಹತ್ತು ಸಾಲಿನ ಪತ್ರ: ನಿಮ್ಮ ಈ ಮಾತು ನನ್ನ ವಿಷಯಕ್ಕೆ ಹೀಗೆ ಹೊಂದುತ್ತದೆ, ಬರುವ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ? ಯಾರ ಶಿಫಾರಸೂ ಬೇಡ.

ಇದನ್ನು ಹೇಳಿದಾಗ ಅಣ್ಣನ ಮಗಳು ಗಾಬರಿಯಾದಳು. "ಪರಿಚಯ ಇಲ್ಲದ ಹೆಂಗ ಬರೀಲಿ ಕಾಕಾ? ತಪ್ಪ ತಿಳ್ಕೊಂಡ್ರ?" ನಮ್ಮ ಕಡೆ ಗೊತ್ತಿದ್ದವರ ಜೊತೆ ಹೋಗಿ ನಮಸ್ಕಾರ ಮಾಡಿ ಬರಬೇಕು. ಅದರಲ್ಲಿ ಒಂದು ಗೌರವವಿದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಮುಂಡರಗಿಯಿಂದಲೋ ಹಿರೇಕೆರೂರಿನಿಂದಲೋ ಬಂದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಕಂಡ ಹುಡುಗಿಯನ್ನು ಯಾರು ಕರೆದುಕೊಂಡು ಹೋಗಬೇಕು? ಅಂಥವಳಿಗೆ ಹತ್ತು ಸಾಲಿನ ಪತ್ರದ ದಾರಿ ತೆರೆದಿರಲೇಬೇಕು.

ಅಮೆರಿಕದ ದಾರಿಯಲ್ಲೂ ಕಲ್ಲುಗಳಿವೆ. ಹೊಸ ಅಧ್ಯಾಪಕರ ಕೆಲಸ ಕಾಯಂ ಆಗುವುದು ಸಾಮಾನ್ಯವಾಗಿ ಆರನೇ ವರ್ಷದ ಪರಿಶೀಲನೆಯಲ್ಲಿ. ಆಗದಿದ್ದರೆ ಅವರು ಹೊರಡಬೇಕು, ವಿದ್ಯಾರ್ಥಿ ನಡುನೀರಿನಲ್ಲಿ. ಅದಕ್ಕೇ ಎಳೆಯ ಅಡ್ವೈಸರ್ ಜೊತೆ ಪ್ರಬಂಧ ನೋಡುವ ಕಮಿಟಿಯಲ್ಲಿ ಹಿರಿಯರೊಬ್ಬರನ್ನು ಇಟ್ಟುಕೊಳ್ಳುವುದು ಜಾಣತನ. ಲಕ್ಕುಂಡಿಯ ಮೇಲೆ ಕೆಲಸ ಮಾಡುವವರಿಗೆ ಅಲ್ಲಿ ಲಕ್ಕುಂಡಿ ದೂರ. ಗ್ರಾಂಟ್ ಸಿಕ್ಕರೆ ಹೋದಾರು, ಇಲ್ಲದಿದ್ದರೆ ಫೋಟೋಗಳೇ ಗತಿ. ಧಾರವಾಡದಲ್ಲಿ ಕೂತವರಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಗದಗ ದಾಟಿ ಹನ್ನೆರಡು ಕಿಲೋಮೀಟರ್. ಅಣ್ಣಿಗೇರಿಯ ಅಮೃತೇಶ್ವರ ಗುಡಿ ದಾರಿಯಲ್ಲೇ. 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಊರಲ್ಲೇ ಇದೆ.

ನಾನು ಅವಳಿಗೆ ಹೇಳಿದ್ದು ಇಷ್ಟು. ಭಾರತದ ಪಿಎಚ್.ಡಿ. ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಇಡುವ ಶೋಧಗಂಗಾದಲ್ಲಿ, ಲಕ್ಕುಂಡಿಯಂಥ ಕಲ್ಯಾಣ ಚಾಲುಕ್ಯರ ಗುಡಿಗಳ ಮೇಲೆ ಬಂದ ಪ್ರಬಂಧಗಳನ್ನು ತೆಗೆ. ಮೊದಲು ಕೃತಜ್ಞತೆಯ ಪುಟ ಓದು. ನಾಲ್ಕು ಭಾನುವಾರ ವಿಡಿಯೋ ಕಾಲಿನಲ್ಲಿ ಇಬ್ಬರೂ ಕೂತು ಓದಿದೆವು. ಎಷ್ಟೋ ಕಡೆ ಗೈಡ್‌ಗೆ ಸಲ್ಲುವ ವಂದನೆ ಪದಕ್ಕೆ ಪದ ಒಂದೇ. ಆದರೆ ಒಂದರಲ್ಲಿ, ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸ ಅಳೆಯಲು ಗೈಡ್ ತನ್ನ ಜೊತೆ ಟೇಪ್ ಹಿಡಿದು ನಿಂತರೆಂದು ವಿದ್ಯಾರ್ಥಿ ಬರೆದಿದ್ದ. ಹುಡುಕಿದರೆ ಆ ಗೈಡ್ ಈಗಲೂ ಸಹಾಯಕ ಪ್ರಾಧ್ಯಾಪಕರೇ. ಅಂಥವರಿಗೆ ಏಕಕಾಲಕ್ಕೆ ನಾಲ್ಕೇ ಸೀಟು, ಆದ್ದರಿಂದ ಬೇಗ ಕೇಳಬೇಕು.

ವಿಭಾಗದ ಬೋರ್ಡು ನೋಡಿ ಮೋಸ ಹೋಗಬೇಡಿ ಎಂದೂ ಹೇಳುತ್ತೇನೆ. ನಮ್ಮ ಭಾಗದಲ್ಲಿ ಕಲಾ ಇತಿಹಾಸ ಬಹುಪಾಲು ಇತಿಹಾಸ, ಪುರಾತತ್ವ ವಿಭಾಗಗಳ ಒಳಗೇ ಅಡಗಿರುತ್ತದೆ. ಶಾಸನ ಓದಬಲ್ಲ ಕನ್ನಡ ಅಧ್ಯಾಪಕರು, ಆರ್ಕಿಟೆಕ್ಚರ್ ಕಾಲೇಜಿನವರು ಕೂಡ ಈ ಕೆಲಸದವರೇ. ನಮ್ಮ ಗುಡಿಗಳ ಕರ್ಣಾಟ ದ್ರಾವಿಡ ಶೈಲಿಯ ಮೇಲೆ 1995ರಲ್ಲಿ ದೊಡ್ಡ ಪುಸ್ತಕ ಬರೆದ ಆ್ಯಡಂ ಹಾರ್ಡಿ ವಾಸ್ತುಶಿಲ್ಪ ಓದಿದವರು.

ಒಂದು ಸಂಕಟ ಮಾತ್ರ ಹೇಳದೆ ಇರಲಾರೆ. ಹಾವೇರಿ, ಗದಗ ಜಿಲ್ಲೆಗಳ ಡಿಗ್ರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುವ ಹುಡುಗರಿದ್ದಾರೆ. ಗಳಗನಾಥ, ಚೌಡಯ್ಯದಾನಪುರ, ಹಾನಗಲ್ಲಿನ ಗುಡಿಗಳ ಕಲ್ಲು ಕಲ್ಲೂ ಅವರಿಗೆ ಗೊತ್ತು. ಪಿಎಚ್.ಡಿ. ಇದೆ, ಲೇಖನಗಳಿವೆ. ಕಾಯಂ ನೌಕರಿ ಇಲ್ಲದ್ದರಿಂದ ಗೈಡ್ ಆಗುವ ಅರ್ಹತೆ ಇಲ್ಲ. ಅಮೆರಿಕದಲ್ಲಿ ನೌಕರಿಯ ಮೊದಲ ವರ್ಷಗಳಲ್ಲೇ ವಿದ್ಯಾರ್ಥಿಗಳನ್ನು ಬೆಳೆಸುವ ವಯಸ್ಸು ಇಲ್ಲಿ ಸೆಮಿಸ್ಟರ್ ಲೆಕ್ಕದ ಸಂಬಳಕ್ಕೆ ಕಾಯುವುದರಲ್ಲಿ ಕಳೆದುಹೋಗುತ್ತಿದೆ. ಇದು ನನ್ನನ್ನು ಬಹಳ ಕಾಡುತ್ತದೆ. ವಿಶ್ವವಿದ್ಯಾಲಯಗಳು ಖಾಲಿ ಹುದ್ದೆ ತುಂಬುವವರೆಗೂ ಗೈಡ್‌ಗಳ ಬರ ತೀರುವುದಿಲ್ಲ.

ಅಣ್ಣನ ಮಗಳು ಟೇಪ್ ಹಿಡಿದು ನಿಂತಿದ್ದ ಆ ಗೈಡ್‌ಗೆ ಪತ್ರ ಬರೆದಳು. ಮೂರು ಸಲ ನನಗೆ ಓದಿ ತೋರಿಸಿ, 'ಪೂಜ್ಯ'ವನ್ನು 'ಮಾನ್ಯ' ಮಾಡಿ, ಕಳಿಸಿದಳು. ಎಂಟನೇ ದಿನ ಉತ್ತರ ಬಂತು: ಕಾಶಿವಿಶ್ವೇಶ್ವರದ ದಕ್ಷಿಣ ಬಾಗಿಲವಾಡದ ಕೆತ್ತನೆಯ ಪಟ್ಟಿಕೆಗಳನ್ನು ಒಳಗಿನಿಂದ ಹೊರಕ್ಕೆ ಎಣಿಸಿ, ಒಂದೊಂದರ ಚಿತ್ರ ಕೈಯಿಂದ ಬರೆದುಕೊಂಡು ಬಾ, ಆಮೇಲೆ ಮಾತಾಡೋಣ. ಈ ಶನಿವಾರ ಅವಳು ಲಕ್ಕುಂಡಿಗೆ ಹೋಗುತ್ತಿದ್ದಾಳೆ. ಅಳತೆಯ ಟೇಪು ನಮ್ಮಣ್ಣ ಹುಬ್ಬಳ್ಳಿಯಿಂದ ತಂದುಕೊಟ್ಟಿದ್ದಾನೆ.