ಸಮಯದ ಅಭಾವದಿಂದ ಒಂದೇ ಒಂದು ಪ್ರಶ್ನೆ

ವಿಶ್ವವಿದ್ಯಾಲಯದ ಸೆಮಿನಾರ್‌ಗಳಲ್ಲಿ ನನಗೆ ತುಂಬಾ ಸಿಟ್ಟು ತರಿಸುವ ಮಾತು ಒಂದಿದೆ. "ಸಮಯದ ಅಭಾವದಿಂದ ಒಂದೇ ಒಂದು ಪ್ರಶ್ನೆಗೆ ಅವಕಾಶ."

ಆ ಸಮಯ ಎಲ್ಲಿ ಹೋಯಿತು ಅಂತ ನೋಡಿ. ಕಾರ್ಯಕ್ರಮ ಶುರುವಾಗಿದ್ದೇ ತಡ. ಆಮೇಲೆ ಸ್ವಾಗತ. ಆಮೇಲೆ ಅತಿಥಿಯ ಪರಿಚಯ: ಎಲ್ಲಿ ಓದಿದರು, ಎಷ್ಟು ಪ್ರಬಂಧ ಬರೆದರು, ಯಾವ ಯಾವ ಸಮಿತಿಯಲ್ಲಿದ್ದಾರೆ, ಎಲ್ಲವೂ ಹಾಳೆ ನೋಡಿಕೊಂಡು. ಪರಿಚಯ ಮಾಡುವವರು ತಮ್ಮದೂ ನಾಲ್ಕು ಮಾತು ಸೇರಿಸುತ್ತಾರೆ. ಅಷ್ಟರಲ್ಲಿ ಪ್ರೊಜೆಕ್ಟರ್ ಕೈಕೊಡುತ್ತದೆ. ಮಾತಾಡುವವರು ಅರ್ಧ ಗಂಟೆಗೆ ಅರವತ್ತು ಸ್ಲೈಡ್ ತಂದಿರುತ್ತಾರೆ. "ಇದನ್ನು ಬಿಟ್ಟು ಮುಂದೆ ಹೋಗ್ತೀನಿ" ಅನ್ನುತ್ತಲೇ ಒಂದನ್ನೂ ಬಿಡುವುದಿಲ್ಲ. ಸ್ವಾಗತಕ್ಕೆ ಕತ್ತರಿ ಇಲ್ಲ, ಪರಿಚಯಕ್ಕೆ ಇಲ್ಲ, ವಂದನಾರ್ಪಣೆಗಂತೂ ಇಲ್ಲವೇ ಇಲ್ಲ. ಕತ್ತರಿ ಬೀಳುವುದು ಕೇಳುಗರ ಪಾಲಿಗೆ ಮಾತ್ರ.

ನನ್ನ ಪ್ರಕಾರ ಇದು ಪೂರ್ತಿ ತಲೆಕೆಳಗು. ಪ್ರಬಂಧವನ್ನು ನಾನು ಮನೆಯಲ್ಲಿ ಕೂತು ಓದಬಲ್ಲೆ. ಸ್ಲೈಡನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಬಲ್ಲೆ. ಬರೆದ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು "ಇದು ಹೇಗೆ ಬಂತು?" ಅಂತ ಕೇಳುವುದು ಮಾತ್ರ ಆ ಕೋಣೆಯಲ್ಲೇ ಆಗಬೇಕು. ಅದನ್ನೇ ತೆಗೆದುಬಿಟ್ಟರೆ ಅಷ್ಟು ಜನ ಒಂದು ಕಡೆ ಸೇರುವ ಅಗತ್ಯ ಏನಿದೆ?

ಗಣಿತಜ್ಞ ಆಂಡ್ರ್ಯೂ ವೈಲ್ಸ್ ಕಥೆ ಗೊತ್ತಿರಬಹುದು. 1993ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನಲ್ಲಿ ಅವರು ಸತತ ಮೂರು ದಿನ ಮೂರು ಉಪನ್ಯಾಸ ಕೊಟ್ಟರು. ಶೀರ್ಷಿಕೆಯಲ್ಲಿ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಮೂರನೇ ದಿನದ ಕೊನೆಗೆ, ಮುನ್ನೂರೈವತ್ತು ವರ್ಷದಿಂದ ಯಾರಿಗೂ ಬಗ್ಗದ, ಗಣಿತಜ್ಞ ಫರ್ಮಾ ಅವರ 'ಕೊನೆಯ ಪ್ರಮೇಯ'ಕ್ಕೆ ರುಜುವಾತು ಬೋರ್ಡಿನ ಮೇಲೆ ಬಂತು. ಚಪ್ಪಾಳೆ, ಕ್ಯಾಮೆರಾ, ಮರುದಿನ ಪತ್ರಿಕೆಗಳಲ್ಲೆಲ್ಲಾ ಅದೇ ಸುದ್ದಿ. ಆದರೆ ಆ ರುಜುವಾತಿನಲ್ಲಿ ಒಂದು ತೂತಿತ್ತು. ವಿಷಯ ಬಲ್ಲವರೇ ತುಂಬಿದ್ದ ಆ ಕೋಣೆಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದಿದ್ದು ಹೇಗೆ? ಹಸ್ತಪ್ರತಿಯನ್ನು ಪರಿಶೀಲಿಸಿದವರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ವೈಲ್ಸ್ ಸಹೋದ್ಯೋಗಿಯಾಗಿದ್ದ ನಿಕ್ ಕ್ಯಾಟ್ಜ್ ಒಬ್ಬರು. ಸಾಲು ಸಾಲು ಓದುತ್ತಾ, ಅರ್ಥವಾಗದ ಕಡೆಯಲ್ಲೆಲ್ಲಾ ಇಮೇಲ್‌ನಲ್ಲಿ ಪ್ರಶ್ನೆ ಕಳಿಸುತ್ತಾ ಹೋದರು. ಹೆಚ್ಚಿನವಕ್ಕೆ ವೈಲ್ಸ್ ಥಟ್ಟನೆ ಉತ್ತರ ಕೊಟ್ಟರು. ಒಂದಕ್ಕೆ ಮಾತ್ರ ಆಗಲಿಲ್ಲ. ಆ ಒಂದನ್ನು ಸರಿಮಾಡಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ತಮ್ಮ ಹಳೆಯ ವಿದ್ಯಾರ್ಥಿ ರಿಚರ್ಡ್ ಟೇಲರ್ ಜೊತೆ ಸೇರಿ 1994ರ ಸೆಪ್ಟೆಂಬರ್‌ನಲ್ಲಿ ದಾರಿ ಸಿಕ್ಕಿತು. ಇದರಲ್ಲಿ ಇನ್ನೊಂದು ತಮಾಷೆ ಇದೆ. ಕೇಂಬ್ರಿಡ್ಜ್‌ಗೆ ಹೋಗುವ ಮೊದಲು ವೈಲ್ಸ್ ಇದೇ ಲೆಕ್ಕಗಳನ್ನು ಪ್ರಿನ್ಸ್‌ಟನ್‌ನಲ್ಲಿ ಒಂದು ಕೋರ್ಸ್‌ನ ಹೆಸರಿನಲ್ಲಿ ಪಾಠ ಮಾಡಿದ್ದರು. ಯಾಕೆ, ಏನು ಅಂತ ಗೊತ್ತಿಲ್ಲದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ ಉಳಿದದ್ದು ಇದೇ ಕ್ಯಾಟ್ಜ್. ಆಗ ಅವರಿಗೂ ಆ ತೂತು ಕಾಣಲಿಲ್ಲ. ಕೂತು ಕೇಳುವುದಕ್ಕೂ, ಅರ್ಥವಾಗುವ ತನಕ ಬಿಡದೆ ಪ್ರಶ್ನೆ ಕೇಳುವುದಕ್ಕೂ ಅಷ್ಟು ವ್ಯತ್ಯಾಸ ಇದೆ.

ಬಿಡದೆ ಕೇಳುವುದಕ್ಕೇ ಹೆಸರಾದ ಸೆಮಿನಾರ್ ಮಾಸ್ಕೋದಲ್ಲಿತ್ತು. ಗಣಿತಜ್ಞ ಇಸ್ರೇಲ್ ಗೆಲ್ಫಾಂಡ್ 1943ರಲ್ಲಿ ಶುರು ಮಾಡಿದ್ದು, ದಶಕಗಳ ಕಾಲ ನಡೆಯಿತು. ಸೋಮವಾರ ಸಂಜೆ ಶುರುವಾದರೆ ಯಾವಾಗ ಮುಗಿಯುತ್ತೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ದೊಡ್ಡ ಪ್ರೊಫೆಸರ್‌ಗಳ ಪಕ್ಕದಲ್ಲಿ ಶಾಲೆಯ ಹುಡುಗರೂ ಕೂರುತ್ತಿದ್ದರು. ಗೆಲ್ಫಾಂಡ್ ಮಾತಿನ ಮಧ್ಯೆ ತಡೆಯುತ್ತಿದ್ದರು. ಸಭಿಕರಲ್ಲಿ ಯಾರಾದರೂ ಒಬ್ಬರನ್ನು ಎಬ್ಬಿಸಿ, ಈಗ ಹೇಳಿದ್ದು ಏನು ಅಂತ ವಿವರಿಸಲು ಹೇಳುತ್ತಿದ್ದರು. ಅವರಿಗೆ ಅರ್ಥವಾಗಿಲ್ಲ ಅಂದರೆ ಮಾತಾಡುವವರು ಮತ್ತೆ ಮೊದಲಿಂದ ಹೇಳಬೇಕು. ಕೆಲವೊಮ್ಮೆ ಅತಿಥಿಯನ್ನು ಪಕ್ಕಕ್ಕೆ ನಿಲ್ಲಿಸಿ ಅವರೇ ವಿಷಯ ವಿವರಿಸಿದ್ದೂ ಉಂಟು. ನಮ್ಮಲ್ಲಿ ಹೀಗಾದರೆ ಮರುದಿನ ವಿಭಾಗದಲ್ಲಿ ಎರಡು ಪಕ್ಷ ಆಗಿಬಿಡುತ್ತವೆ, ಅಲ್ವಾ?

ಗೆಲ್ಫಾಂಡ್ ನಡವಳಿಕೆಯನ್ನು ಹಾಗೇ ನಕಲು ಮಾಡಿ ಅಂತ ನಾನು ಹೇಳುತ್ತಿಲ್ಲ. ಅವರು ಒರಟರು. ಅವಮಾನ ಆಯಿತು ಅಂತ ನೊಂದವರೂ ಇದ್ದಾರೆ. ಆದರೆ ಅವರ ಮೂಲ ನಿಯಮ ನನಗೆ ಇಷ್ಟ: ಕೋಣೆಯಲ್ಲಿರುವ ಕಿರಿಯ ಕೇಳುಗನಿಗೆ ಅರ್ಥವಾಗದಿದ್ದರೆ ಗಾಡಿ ಮುಂದೆ ಹೋಗಬಾರದು. ನಮ್ಮ ಸೆಮಿನಾರ್‌ಗಳಲ್ಲಿ ಆಗುವುದು ಇದರ ಉಲ್ಟಾ. ಎರಡನೇ ಸ್ಲೈಡಿಗೇ ಅರ್ಧ ಜನ ಕಳೆದುಹೋಗಿರುತ್ತಾರೆ. ಉಳಿದ ಹೊತ್ತೆಲ್ಲಾ ಸುಮ್ನೆ ತಲೆಯಾಡಿಸುತ್ತಾ ಕೂತಿರುತ್ತಾರೆ. ಪಕ್ಕದವನಿಗೆ ಅರ್ಥವಾಗಿರಬೇಕು, ನನಗೊಬ್ಬನಿಗೇ ಆಗಿಲ್ಲ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ಹಾಗಾದರೆ ಸಮಯ ಕೊಟ್ಟ ತಕ್ಷಣ ಎಲ್ಲರೂ ಕೇಳುತ್ತಾರಾ? ಇಲ್ಲ. ಅಲೀಶಿಯಾ ಕಾರ್ಟರ್ ಮತ್ತು ಸಂಗಡಿಗರು 2018ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ದೇಶಗಳ 35 ಸಂಸ್ಥೆಗಳಲ್ಲಿ ಸುಮಾರು 250 ಸೆಮಿನಾರ್‌ಗಳಲ್ಲಿ ಕೂತು, ಯಾರು ಪ್ರಶ್ನೆ ಕೇಳುತ್ತಾರೆ ಅಂತ ಎಣಿಸಿದರು. ಸಭೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿದ್ದರೂ, ಗಂಡಸರು ಪ್ರಶ್ನೆ ಕೇಳುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚಿತ್ತು. ಮೊದಲ ಪ್ರಶ್ನೆ ಗಂಡಸಿನದ್ದಾದರೆ ಆಮೇಲೆ ಹೆಂಗಸರ ಪ್ರಶ್ನೆ ಇನ್ನೂ ಕಡಿಮೆ. ಹೆಚ್ಚು ಪ್ರಶ್ನೆಗಳಿಗೆ ಅವಕಾಶ ಇದ್ದಾಗ ಈ ಅಂತರ ಕಡಿಮೆಯಾಗುತ್ತಿತ್ತು.

ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಆ ಮೊದಲ ಪ್ರಶ್ನೆ. ನಮ್ಮಲ್ಲಿ ಅದು ಯಾರದ್ದು ಅಂತ ಕೇಳಲೇಬೇಕಾಗಿಲ್ಲ. ಮುಂದಿನ ಸಾಲಿನ ಹಿರಿಯರದ್ದು. ಅವರು ಮೈಕ್ ಹಿಡಿದು "ಇದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಶುರು ಮಾಡಿದರೆ ಮುಗಿಯಿತು. ತಮ್ಮ ಹಳೆಯ ಪ್ರಬಂಧ, ತಮ್ಮ ಗುರುಗಳ ನೆನಪು, ಇವತ್ತಿನ ವಿಷಯಕ್ಕೆ ಸಂಬಂಧವೇ ಇಲ್ಲದ ಒಂದು ಜಗಳ, ಎಲ್ಲಾ ಬರುತ್ತವೆ. ಕೊನೆಗೆ "ಇದಕ್ಕೆ ನೀವೇನು ಹೇಳ್ತೀರಿ?" ಅನ್ನುತ್ತಾರೆ. ಪಾಪ, ಅತಿಥಿ ಏನು ಹೇಳಬೇಕು? ಇದನ್ನು ತಡೆಯಬೇಕಾದವರು ಅಧ್ಯಕ್ಷರು. "ಸರ್, ಪ್ರಶ್ನೆ ಏನು?" ಅಂತ ನಯವಾಗಿ ಕೇಳುವುದು ಅವರ ಕೆಲಸ. ಹಿರಿಯರನ್ನು ತಡೆಯುವುದು ಹೇಗೆ ಅಂತ ಸುಮ್ಮನಿರುತ್ತಾರೆ. ಹಿಂದಿನ ಸಾಲಿನಲ್ಲಿ ಅರ್ಧ ಎತ್ತಿದ್ದ ಕೈ ಮೆಲ್ಲಗೆ ಕೆಳಗಿಳಿಯುತ್ತದೆ.

ಮೊದಲ ಪ್ರಶ್ನೆ ವಿದ್ಯಾರ್ಥಿಯದ್ದು ಅಂತ ನಿಯಮ ಮಾಡಿಬಿಟ್ಟರೆ ಇದರ ಅರ್ಧ ಪರಿಹಾರವಾಗುತ್ತದೆ. ಇದಕ್ಕೆ ಸುತ್ತೋಲೆ ಬೇಡ, ಅನುದಾನವೂ ಬೇಡ.

ಇಷ್ಟೂ ಸೆಮಿನಾರ್ ಮಾತಾಯಿತು. ಸಾರ್ವಜನಿಕ ಉಪನ್ಯಾಸದ ಕಥೆ ಬೇರೆ. ಅಲ್ಲಿ ಕೇಳುಗ ವಿಶ್ವವಿದ್ಯಾಲಯದ ಹೊರಗಿನವನು. ಲಂಡನ್ನಿನ ಗ್ರೆಷಮ್ ಕಾಲೇಜು 1597ರಿಂದ ಅವನಿಗಾಗಿ ಉಚಿತ ಉಪನ್ಯಾಸ ನಡೆಸಿಕೊಂಡು ಬಂದಿದೆ. ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್ 1530ರಷ್ಟು ಹಳೆಯದು. ಅದು ಪದವಿ ಕೊಡುವುದಿಲ್ಲ, ಹೆಸರು ನೋಂದಾಯಿಸಿ ಅನ್ನುವುದಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಕೂರಬಹುದು. ನಮ್ಮ ಸಾರ್ವಜನಿಕ ಉಪನ್ಯಾಸಗಳಲ್ಲಿ ಆ ಸಾರ್ವಜನಿಕರು ಎಲ್ಲಿರುತ್ತಾರೆ? ಹಾಜರಿ ಕೊಡುತ್ತೇವೆ ಅಂತ ಕರೆತಂದ ವಿದ್ಯಾರ್ಥಿಗಳು ಕುರ್ಚಿ ತುಂಬಿಸಿರುತ್ತಾರೆ. ಸಹಿ ಹಾಕುವ ಹಾಳೆ ಅವರ ಸಾಲು ದಾಟಿದ ಮೇಲೆ ಸಭಾಂಗಣ ಅರ್ಧ ಖಾಲಿ. ಹೊರಗಿನವರಿಗೆ ಕಾರ್ಯಕ್ರಮ ಇದೆ ಅನ್ನುವುದೇ ತಿಳಿದಿರುವುದಿಲ್ಲ.

ಪರಿಚಯ ಭಾಷಣದ ವಿಷಯಕ್ಕೆ ಬಂದರೆ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಒಂದು ಒಳ್ಳೆಯ ದಾರಿ ತೋರಿಸಿದೆ. ಅದು ವಿಜ್ಞಾನ ಸಂಸ್ಥೆ, ವಿಶ್ವವಿದ್ಯಾಲಯ ಅಲ್ಲ, ಆದರೂ ನೋಡಿ ಕಲಿಯಬಹುದು. ಮೈಕೆಲ್ ಫ್ಯಾರಡೆ 1820ರ ದಶಕದಲ್ಲಿ ಅಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಶುರು ಮಾಡಿದರು. ಅಲ್ಲಿನ ಸಂಪ್ರದಾಯದಲ್ಲಿ ಪರಿಚಯವೇ ಇಲ್ಲ. ಗಂಟೆ ಬಾರಿಸುವಾಗ ಬಾಗಿಲು ತೆರೆಯುತ್ತದೆ, ಮಾತಾಡುವವರು ಬಂದು ನೇರ ವಿಷಯಕ್ಕೆ ಇಳಿಯುತ್ತಾರೆ. ಸರಿಯಾಗಿ ಒಂದು ಗಂಟೆ ಹೊತ್ತು ಮಾತಾಡಿ ನಿಲ್ಲಿಸುತ್ತಾರೆ. ಉಪನ್ಯಾಸಕ್ಕೂ ಮೊದಲು ಅವರನ್ನು ಒಂದು ಕೋಣೆಯಲ್ಲಿ ಕೂಡಿಹಾಕುವ ಪದ್ಧತಿಯೂ ಇದೆ. ಹಿಂದೆ ಯಾರೋ ಹೆದರಿ ಕೊನೇ ಗಳಿಗೆಯಲ್ಲಿ ಓಡಿಹೋಗಿದ್ದರಂತೆ. ಕಥೆ ಎಷ್ಟು ನಿಜವೋ, ಪದ್ಧತಿ ಮಾತ್ರ ನಿಜ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಜನಸಾಮಾನ್ಯರಿಗೆ ಅಂದ ಕೂಡಲೇ ವಿಷಯವನ್ನು ನೀರು ಮಾಡಬೇಕು, ಜೋಕು ಸೇರಿಸಬೇಕು ಅಂತ. ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ 1943ರ ಫೆಬ್ರವರಿಯಲ್ಲಿ ಡಬ್ಲಿನ್‌ನಲ್ಲಿ ಜೀವ ಅಂದರೇನು ಅಂತ ಸಾರ್ವಜನಿಕ ಉಪನ್ಯಾಸಗಳನ್ನು ಕೊಟ್ಟರು. ವಿಷಯ ಕಷ್ಟದ್ದು, ಗಣಿತ ಹೆಚ್ಚು ಬಳಸದಿದ್ದರೂ ಇದನ್ನು ಸುಲಭದ ಉಪನ್ಯಾಸ ಅನ್ನಲಾಗದು ಅಂತ ಶುರುವಿನಲ್ಲೇ ಎಚ್ಚರಿಸಿದರು. ಬಂದಿದ್ದವರು ಸುಮಾರು 400 ಜನ. ಕೊನೆಯವರೆಗೂ ಆ ಸಂಖ್ಯೆ ಹೆಚ್ಚೇನೂ ಇಳಿಯಲಿಲ್ಲ. ಆ ಮಾತುಗಳು ಮರುವರ್ಷ ಪುಸ್ತಕವಾಗಿ ಬಂದವು. ಡಿಎನ್‌ಎ ರಚನೆ ಕಂಡುಹಿಡಿದ ವಾಟ್ಸನ್, ಕ್ರಿಕ್ ಇಬ್ಬರೂ ಅದನ್ನು ಓದಿ ಪ್ರಭಾವಿತರಾದವರು. ಜನಕ್ಕೆ ಕಷ್ಟದ ವಿಷಯ ಬೇಡ ಅನ್ನುವುದು ಸುಳ್ಳು. ಜನಕ್ಕೆ ಬೇಡವಾದದ್ದು ಗೊತ್ತಿಲ್ಲದ ಪದಗಳ ರಾಶಿ, ಮತ್ತು "ಇದು ನಿಮಗೆ ಅರ್ಥವಾಗಲ್ಲ ಬಿಡಿ" ಅನ್ನುವ ಧಾಟಿ.

ಈಗ ಎಷ್ಟೋ ವಿಶ್ವವಿದ್ಯಾಲಯಗಳು ಉಪನ್ಯಾಸಗಳನ್ನು ಯೂಟ್ಯೂಬ್‌ಗೆ ಹಾಕುತ್ತಿವೆ. ಖುಷಿಯ ವಿಷಯ. ಆದರೆ ಅಲ್ಲೂ ಅದೇ ರೋಗ. ಪರಿಚಯ ಭಾಷಣ ಪೂರ್ತಿ ಇರುತ್ತದೆ, ಚಪ್ಪಾಳೆ ಇರುತ್ತದೆ, ಪ್ರಶ್ನೋತ್ತರ ಮಾತ್ರ ಎಡಿಟ್ ಆಗಿ ಮಾಯ. ಇದ್ದರೂ ಕೇಳುವವರ ಕೈಗೆ ಮೈಕ್ ಕೊಟ್ಟಿರುವುದಿಲ್ಲ. ಗುಜುಗುಜು ಸದ್ದು, ಅದರ ಹಿಂದೆಯೇ "ಒಳ್ಳೆಯ ಪ್ರಶ್ನೆ" ಅನ್ನುವ ಉತ್ತರ. ಪ್ರಶ್ನೆ ಏನು ಅಂತ ನಾವೇ ಊಹಿಸಿಕೊಳ್ಳಬೇಕು. ವಿಡಿಯೋ ಹಾಕುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ಸಭೆಗೆ ಒಂದು ಕೈ ಮೈಕ್ ಜಾಸ್ತಿ ಇಟ್ಟುಕೊಳ್ಳಿ. ವಿಡಿಯೋ ಉದ್ದ ಆಯಿತು ಅನಿಸಿದರೆ ಸ್ವಾಗತ ಭಾಷಣಕ್ಕೆ ಕತ್ತರಿ ಹಾಕಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಸ್ವಾಗತ ಮಾಡಿದವರು ಬಿಟ್ಟು.